ಅಲುಗದ ಚೈನು

ಚರಂಡಿಗೆಂದು ತೋಡಿದ ಕಂದಕ ಕುಸಿದು, ಅಲ್ಲಿ ಇಳಿಸಿದ್ದ ದೊಡ್ಡ ಸಿಮೆಂಟ್ ಪೈಪಿನ ಎರಡೂ ಬಾಯಿ ಮುಚ್ಚಿಹೋಗಿದ್ದವು. ಒಳಗೆ ಒಬ್ಬ ಮನುಷ್ಯ ಸಿಕ್ಕಿಬಿದ್ದಿದ್ದ. ಗುದ್ದಲಿಯಿಂದ ಎಳೆದಷ್ಟೂ ಮಣ್ಣು ಮತ್ತೆ ಜಾರಿ ಬರುತ್ತಿತ್ತು. ಇನ್ನು ಮಣ್ಣು ತೋಡುವ ಮಷಿನ್ನೇ ಗತಿ. ಆದರೆ ಫಕೀರಪ್ಪ ಓಡಿಸುತ್ತಿದ್ದ ಮಷಿನ್ನಿಗೆ ಚಕ್ರದ ಬದಲಿದ್ದ ಎರಡು ಚೈನುಗಳಲ್ಲಿ ಎಡಗಡೆಯದು ಅಲುಗುತ್ತಿರಲಿಲ್ಲ. ಮುಂದೆ ಬಿಟ್ಟರೆ ನಿಂತಲ್ಲೇ ಗಾಣದೆತ್ತಿನಂತೆ ಸುತ್ತುತ್ತಿತ್ತು.

ಅದನ್ನು ಯಾವಾಗಲೂ ರಿಪೇರಿ ಮಾಡುತ್ತಿದ್ದ ದಾದಾಪೀರ್ ಮೇಸ್ತ್ರಿ ಫೋನಿನಲ್ಲಿ ಸಿಕ್ಕ.

“ಬಕೆಟ್ ಜೋರಾಗಿ ಏಳ್ತೈತಾ?”

“ಏಳ್ತೈತಣ್ಣ.”

“ಹಂಗಾದ್ರೆ ಪಂಪು ಚೆನ್ನಾಗೈತೆ. ಎರಡೂ ಚೈನಿನ ಆಯಿಲ್ ಹೋಸು ಅದಲುಬದಲು ಮಾಡಿ ಓಡ್ಸು.”

ಬೆವೆತ ಕೈಯಲ್ಲಿ ಸ್ಪ್ಯಾನರ್ ನಿಲ್ಲುತ್ತಿರಲಿಲ್ಲ. “ಅಣ್ಣ, ನೀವಿಲ್ಲಿ ನನ್ನ ಪಕ್ಕ ಇದ್ದಿದ್ರೆ...” ಎನ್ನುತ್ತಲೇ ನಟ್ಟು ಸಡಿಲಿಸಿದ. ಹೇಗೋ ಹೋಸು ಬದಲಿಸಿ ಓಡಿಸಿ ನೋಡಿದ. “ಈಗ ಎಡಗಡೆದು ಓಡ್ತೈತೆ, ಬಲಗಡೆದು ನಿಂತೈತೆ!”

“ಬದುಕಿದ್ವಿ ಬಿಡು. ಚೈನಿನ ಮೋಟರಿಗೆ ಏನೂ ಆಗಿಲ್ಲ. ಎಡ ಪೆಡಲಿನ ಕಡೆಯಿಂದ್ಲೇ ಆಯಿಲ್ ಬರ್ತಿಲ್ಲ; ಅದರ ಕೆಳಗೊಂದು ಸಣ್ಣ ಹೋಸೈತೆ, ಮಡಚಿಕೊಂಡಿರ್ಬೇಕು ನೋಡು.” ಮೇಸ್ತ್ರಿ ತಡೆತಡೆದು ಮಾತಾಡುತ್ತಿದ್ದ.

ಕಾಲಡಿಯ ಮ್ಯಾಟ್ ಎತ್ತಿದರೆ ಹೋಸು ನಿಜವಾಗಿಯೂ ಮಡಚಿಕೊಂಡು ಚಪ್ಪಟೆಯಾಗಿತ್ತು. ಫಕೀರಪ್ಪ ಅದನ್ನು ನೆಟ್ಟಗೆ ಮಾಡಿ ಪೆಡಲ್ ಒತ್ತಿದ. ಎರಡೂ ಚೈನು ಉರುಳಿದವು. ಎಡ ಪೆಡಲಿಗೆ ಬಲ ಚೈನು ಓಡುತ್ತಿದ್ದುದರಿಂದ ಹುಷಾರಾಗಿ ತಿರುಗಿಸುತ್ತ ಕಂದಕದ ಅಂಚಿಗೆ ತಂದು ನಿಲ್ಲಿಸಿದ.

“ಬಂದೆ ಅಣ್ಣ. ತೋಡಲಾ?”

“ನಿಧಾನಕ್ಕೆ ತೋಡು ತಮ್ಮಾ, ನಾನು ಪೈಪಿನ ಬಾಯಲ್ಲೇ ಕೂತೀನಿ.”