ತುಂಬಿದ ಹೊಂಡ

ನಲವತ್ತೊಂದನೆಯ ಲಾರಿ ಹಿಮ್ಮುಖವಾಗಿ ಬಂದು, ಬೆನ್ನೆತ್ತಿ, ಹೊಂಡದೊಳಗೆ ಮರಳು ಸುರಿಯಿತು.

"ಇನ್ನೂ ಎರಡು ಬೇಕು," ಎಂದ ಕಾವಲುಗಾರ.

"ಕದಿಯೋವಾಗ್ಲೂ ನಾನು ಇಷ್ಟು ಬೆವರಿರ್ಲಿಲ್ಲ ಭಾವ," ಎಂದ ಲಾರಿಯವನು. ಅವನು ಕಾವಲುಗಾರನ ಹೆಂಡತಿಯ ತಮ್ಮ. ವೃತ್ತಿಯಲ್ಲಿ ಮರಳುಗಳ್ಳ.

ನದಿಯು ಬೆಟ್ಟವಿಳಿಯುವೆಡೆ ಆ ಕಲ್ಲುಕಟ್ಟೆ ಅಡ್ಡವಾಗಿ ನಿಂತಿತ್ತು. ಪ್ರವಾಹ ಹೊತ್ತುತರುವ ಕಲ್ಲು, ಮರಳು ಕೆಳಗಿನ ಪೇಟೆಯ ಮೇಲೆ ಎರಗದಂತೆ ಬೆನ್ನ ಹಿಂದಿನ ಹೊಂಡದಲ್ಲಿ ತಡೆಹಿಡಿಯುವುದು ಕಟ್ಟೆಯ ಧರ್ಮ. ತಡೆಹಿಡಿದುದನ್ನು ಕಾಯುವುದು ತನ್ನ ಧರ್ಮವೆಂದು ಕಾವಲುಗಾರ ನಂಬಿದ್ದ. ನೇಮಕವಾದ ದಿನ ಇಲಾಖೆಯವರು ಅವನಿಗೊಂದು ಸೀಟಿ, ಒಂದು ಸಲಿಕೆ ಕೊಟ್ಟಿದ್ದರು. ಸೀಟಿ ಊದಿ ಊದಿ ಸವೆದಿತ್ತು. ಸಲಿಕೆಗೆ ಸುತ್ತಿದ್ದ ಕಾಗದವನ್ನು ಅವನು ಇನ್ನೂ ಬಿಚ್ಚಿರಲಿಲ್ಲ.

ಆದರೂ ಮಳೆಗಾಲದಲ್ಲಿ ತುಂಬಿದ ಮರಳು ಬೇಸಿಗೆ ಮುಗಿಯುವುದರೊಳಗೆ ಮಾಯವಾಗುತ್ತಿತ್ತು. ಅವನು ಕೆಲಸಕ್ಕೆ ಸೇರಿದ ಮೇಲೆ ಹನ್ನೊಂದು ವರ್ಷವೂ ಹೀಗೆಯೇ. ಅವನು ಸೀಟಿ ಊದಿದರೆ ಕಳ್ಳರು ಕೈಬೀಸಿ ಹೋಗುತ್ತಿದ್ದರು. ಪವಾಡವೆಂಬಂತೆ, ತಪಾಸಣೆಗೆ ಬರುತ್ತಿದ್ದ ವೃದ್ಧ ಎಂಜಿನಿಯರು ಬರಿದಾದ ಹೊಂಡಕ್ಕೆ ಇಣುಕಿ, ತಲೆದೂಗಿ, 'ಅತ್ಯುತ್ತಮ' ಎಂದು ಬರೆದು ಹೋಗುತ್ತಿದ್ದರು. ಅವರ ಕನ್ನಡಕ ಶೀಶೆಯ ತಳದಷ್ಟು ದಪ್ಪ. ಭಗವಂತ ಆ ದೃಷ್ಟಿಯನ್ನು ಹೀಗೆಯೇ ಇರಿಸಲೆಂದು ಕಾವಲುಗಾರ ನಿತ್ಯವೂ ಪ್ರಾರ್ಥಿಸುತ್ತಿದ್ದ.

ಈ ವರ್ಷ ಅವರು ನಿವೃತ್ತರಾದರು. ಆ ಸ್ಥಾನಕ್ಕೆ ಬಂದವರು ತರುಣಿ, ಕನ್ನಡಕವಿಲ್ಲ. ದಿನಗೂಲಿಯ ಕಾವಲುಗಾರನನ್ನು ಖಾಯಂ ಮಾಡುವುದೂ ಬಿಡುವುದೂ ಅವರ ಕೈಯಲ್ಲಿತ್ತು.

ಹೆಂಡತಿ ತಮ್ಮನನ್ನು ಕರೆಸಿದಳು. "ಇವರ ಕೆಲಸ ಹೋದ್ರೆ ಅತ್ತೆ, ಮಕ್ಕಳು, ಎರಡು ಮೇಕೆ ಸಮೇತ ನಿನ್ನ ಮನೆಗೇ ಬಂದು ಕೂತ್ಕೋತೀನಿ ಕಣೋ!"

ಅಷ್ಟೇ ಸಾಕಾಯಿತು. ಕತ್ತಲಲ್ಲಿ ಹೋದದ್ದು ಹಾಡುಹಗಲೇ ಹಿಂದಿರುಗತೊಡಗಿತು.

"ಹಳೇ ಮರಳೆಲ್ಲ ಊರೋರ ಗೋಡೆ ಸೇರಿದೆಯಲ್ಲೋ. ಇದನ್ನ ಎಲ್ಲಿಂದ ತಂದೆ?"

"ಕಟ್ಟೆಯ ಆಚೆ ಬದಿ, ಬುಡದಿಂದಲೇ. ಕಣ್ಣೆದುರಿಗಿರೋವಾಗ ದೂರ ಯಾಕೆ ಅಲೀಬೇಕು ಭಾವ?"

ಕಾವಲುಗಾರ ಬಗ್ಗಿ ನೋಡಿದ. ವಸಡು ಸರಿದ ಹಲ್ಲಿನಂತೆ ಕಟ್ಟೆಯ ಅಡಿಪಾಯ ಬತ್ತಲಾಗಿ ನಿಂತಿತ್ತು. ಅವನು ತಲೆಕೆಡಿಸಿಕೊಳ್ಳಲಿಲ್ಲ, ತಪಾಸಣೆ ನಡೆಯುವುದು ಹೊಂಡದ ಕಡೆ.

ಮರುದಿನ ಎಂಜಿನಿಯರು ಮೊದಲು ಬುಡಕ್ಕೇ ಇಳಿದರು.

"ಇದೇನ್ರೀ, ಅಡಿಪಾಯವೇ ಕಾಣ್ತಿದೆ?"

"ನದಿ ಮೇಡಂ. ಅದು ನಮ್ಮ ಮಾತೆಲ್ಲಿ ಕೇಳುತ್ತೆ!"

ಅವರು ಏನನ್ನೋ ಬರೆದುಕೊಂಡು ಮೇಲಕ್ಕೆ ಹತ್ತಿದರು. ಅಂಚಿನವರೆಗೆ ತುಂಬಿ, ಗುಡಿಸಿ ಸಮಮಾಡಿದ ಮರಳು ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು. ಎಂಜಿನಿಯರು ಹೊಂಡದ ಅಂಚಿನುದ್ದಕ್ಕೂ ಒಮ್ಮೆ ನಡೆದು ಬಂದರು. ಬೆರಗಾದರೆಂದು ಕಾವಲುಗಾರ ಎದೆಯುಬ್ಬಿಸಿದ.

"ಮಳೆಗಾಲಕ್ಕೆ ಇನ್ನೊಂದೇ ವಾರ," ಎಂದರು.

"ಬರಲಿ ಮೇಡಂ. ಒಂದು ಹಿಡಿ ಕದಲೋಕೂ ನಾನು ಬಿಡಲ್ಲ."

"ಇದೆಲ್ಲ ನಿಮ್ಮದೇ ಕೆಲಸವಾ?"

"ನಂದೇ. ಬೇರೆ ಯಾರ ಕೈಯೂ ಇದರಲ್ಲಿಲ್ಲ."

ಲಾರಿಯ ಮರೆಯಲ್ಲಿ ಭಾವಮೈದುನ ಕೆಮ್ಮಿದ.

ಎಂಜಿನಿಯರು ಕಡತದಿಂದ ಮೊಹರು ಬಿದ್ದ ಆದೇಶವೊಂದನ್ನು ಹೊರತೆಗೆದರು. ತನ್ನ ಹೆಸರನ್ನು ಕಂಡು ಕಾವಲುಗಾರನ ಕಣ್ಣು ತುಂಬಿ ಬಂತು. ಅವನು ಎರಡೂ ಕೈ ಚಾಚಿದ. ಅವರು ಹೊಂಡವನ್ನು ಮತ್ತೊಮ್ಮೆ ನೋಡಿ, ಆದೇಶವನ್ನು ಮೆಲ್ಲನೆ ಮಡಚಿದರು.

"ಇಲಾಖೆ ಒಂದೇ ಒಂದು ಲಾರಿ ಕಳಿಸದಿದ್ರೂ, ಹನ್ನೊಂದು ವರ್ಷ ಮಳೆಗೆ ಮೊದಲು ತಪ್ಪದೆ ಹೊಂಡ ಖಾಲಿ ಮಾಡಿಸಿ ಹೊಸ ಹೂಳಿಗೆ ಜಾಗ ಇಟ್ಟ ಒಬ್ಬನೇ ಕಾವಲುಗಾರ ಅಂತ ಹಿಂದಿನ ಸಾಹೇಬರು ನಿಮ್ಮನ್ನ ಖಾಯಂ ಮಾಡೋಕೆ ಬರೆದಿದ್ರು."