ಹತ್ತಿರದ ಸಾಲು

ಉತ್ತರವೇ ಸಿಗದಂಥ ಒಂದು ಸಾಲು ಬೇಕಾಗಿತ್ತು ಜ್ಯೋತಿಲಕ್ಷ್ಮಿಗೆ. ಮಧ್ಯಾಹ್ನ ಊಟವಾದಾಗಿನಿಂದ ಅದಕ್ಕೇ ಕೂತಿದ್ದಳು. ಹುಡುಕಾಟದ ಯಂತ್ರವೊಂದಕ್ಕೆ ಅವಳು ಬರೆಯುತ್ತಿದ್ದ ಕೈಪಿಡಿಯ ಉಳಿದ ಪುಟಗಳೆಲ್ಲ ಮುಗಿದಿದ್ದವು. ‘ಏನೂ ಸಿಗದಿದ್ದಾಗ’ ಎಂಬ ಪುಟಕ್ಕೆ ಒಂದು ಉದಾಹರಣೆ ಮಾತ್ರ ಬಾಕಿ.

“ಎಂತಾದ್ರೂ ಒಂದು ಹಾಕಿ ಜ್ಯೋತಕ್ಕ. ಚಂದ್ರಲೋಕ, ರಾಕೆಟ್ಟು ಅಂತ,” ಎಂದಳು ಎದುರು ಮೇಜಿನ ಅಪೇಕ್ಷಾ. ಸಾಗರದ ಬಸ್‌ಸ್ಟ್ಯಾಂಡಿನ ಎದುರಿನ ಈ ಪುಟ್ಟ ಆಫೀಸೂ, ಹುಡುಕಾಟದ ಆ ಯಂತ್ರವೂ ಅವಳದೇ.

“ರಾಕೆಟ್ ಅಂದ್ರೆ ನಿನ್ ಮಷೀನು ದೀಪಾವಳಿ ತಂದು ಕೊಡ್ತದೆ ಮಾರಾಯ್ತಿ. ಆಗ್ಲೇ ಹಾಕಿ ನೋಡ್ದೆ.”

ಅಪೇಕ್ಷಾ ನಕ್ಕಳು. “ಅದಕ್ಕೆ ಇಲ್ಲ ಅನ್ನೋಕೆ ಬರೋದೇ ಇಲ್ಲ. ಇದ್ದಿದ್ರಲ್ಲಿ ಯಾವ್ದು ಹತ್ತಿರವೋ ಅದನ್ನ ಎತ್ಕೊಂಡು ಬಂದೇ ಬರ್ತದೆ. ಅಂಕೆ ನೋಡಿ ನಾವೇ ಬಿಡ್ಬೇಕು.”

ಸಾಗರ, ಹೊಸನಗರ, ತೀರ್ಥಹಳ್ಳಿಯ ಹೆಂಗಸರು ಮದುವೆ, ಹಾಡು, ಮದುವೆಗೆಂದು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದ ಬಗ್ಗೆ ಆಡಿದ, ಈಚೆಗೆ ರೆಕಾರ್ಡ್ ಮಾಡಿಕೊಂಡ ಎಂಟು ಸಾವಿರ ಮಾತುಗಳು ಅದರೊಳಗಿದ್ದವು. ಪ್ರತಿ ಮಾತೂ ಅಲ್ಲಿ ಅಂಕೆಗಳ ಒಂದು ಸರ. ಕೇಳಿದ ಸಾಲಿಗೆ ಪದದಲ್ಲಲ್ಲ, ಅರ್ಥದಲ್ಲಿ ಹತ್ತಿರವಾದದ್ದನ್ನು ಅದು ಹೆಕ್ಕುತ್ತಿತ್ತು. ಎಷ್ಟು ಹತ್ತಿರ ಎಂದು ಜೊತೆಗೊಂದು ಅಂಕೆಯನ್ನೂ ಕೊಡುತ್ತಿತ್ತು: ಎರಡರ ಅರ್ಥವೂ ಒಂದೇ ಆದರೆ 1, ಸಂಬಂಧವೇ ಇಲ್ಲದಿದ್ದರೆ ಸೊನ್ನೆ. ಈ ಕೈಪಿಡಿಯನ್ನು ಓದುವುದು ಮನುಷ್ಯರಲ್ಲ, ಜನರ ಪ್ರಶ್ನೆಗೆ ಉತ್ತರ ಕೊಡುವ ಎಐ ಏಜೆಂಟು. ಅದಕ್ಕೆ ತಿಳಿಯುವ ಹಾಗೆ ಜ್ಯೋತಿಲಕ್ಷ್ಮಿ ಬೆಳಿಗ್ಗೆಯೇ ನಿಯಮ ಬರೆದಿಟ್ಟಿದ್ದಳು: ‘0.50ಕ್ಕಿಂತ ಕಡಿಮೆ ಬಂದ ಸಾಲನ್ನು ಉತ್ತರವೆಂದು ನಂಬಬೇಡ.’

ಲೋಕದಲ್ಲಿ ಇನ್ಯಾರೂ ಆಡಿರಲಾರದ ಮಾತು ಅವಳ ಹತ್ತಿರ ಒಂದೇ ಒಂದಿತ್ತು. ಮೂವತ್ಮೂರು ವರ್ಷ ನುಂಗಿಕೊಂಡು ಬಂದದ್ದು. ಬೆರಳುಗಳು ತಾವಾಗಿಯೇ ಬರೆದವು: ‘ಅಕ್ಕನ ಮದುವೆಯ ಹಸೆಯಲ್ಲಿ, ದಂಡಿಗೆಯ ಪಲ್ಲಕ್ಕಿಯಲ್ಲಿ ಕೂತ ಮದುಮಗಳನ್ನು ನಾನು ಒದ್ದೆ ಬೆರಳಿಂದ ಒರೆಸಿದೆ.’

ಅಕ್ಕ ಯಶೋಧಾ ಮನೆ ಬಿಟ್ಟು ಹೋಗಬಾರದು, ಹದಿನಾಲ್ಕರ ಮನಸ್ಸಿನಲ್ಲಿ ಇದ್ದದ್ದು ಅಷ್ಟೇ. ಮಾರನೆಯ ಬೆಳಿಗ್ಗೆ ನೋಡಿದರೆ ಕೆಮ್ಮಣ್ಣಿನ ಗೋಡೆಯ ಮೇಲೆ ಮದುಮಗಳು ಮತ್ತೆ ಕೂತಿದ್ದಳು. ಅಮ್ಮ ಬಂಗಾರಮ್ಮ ತಿದ್ದಿರಬೇಕು ಅಂದುಕೊಂಡಳು; ಕೇಳುವ ಧೈರ್ಯವಾಗಲಿಲ್ಲ. ತೀರ್ಥಹಳ್ಳಿ ಕಡೆಗೆ ಕೊಟ್ಟ ಅಕ್ಕ ವರ್ಷ ತುಂಬುವ ಮೊದಲೇ ಹೆರಿಗೆಯಲ್ಲಿ ತೀರಿಹೋದಳು. ಆವತ್ತಿನಿಂದ ಜ್ಯೋತಿಲಕ್ಷ್ಮಿ ಹಸೆ ಬರೆಯುವ ಕುಂಚ ಮುಟ್ಟಿರಲಿಲ್ಲ.

ಪರದೆಯ ಮೇಲೆ ಸಾಲು ಮೂಡಿತು. 0.94.

‘ನನ್ನ ಹಸೇಲಿ ನನ್ನನ್ನೇ ಒರೆಸಿದ್ಲು ತಂಗಿ. ಅಮ್ಮಂಗೆ ಗೊತ್ತಾದ್ರೆ ಹೊಡೀತಾಳೆ ಅಂತ, ಯಾರೂ ಏಳೋದ್ರೊಳಗೆ ನಾನೇ ಬರ್ದುಬಿಟ್ಟೆ.’

“ಇದು ಯಾರು ಹೇಳಿದ್ದು?” ಎಂದು ಪರದೆ ತೋರಿಸಿದಳು.

ಅಪೇಕ್ಷಾ ಎದ್ದು ಬಂದು ಬಗ್ಗಿ ನೋಡಿದಳು. “ತೀರ್ಥಹಳ್ಳಿ ಕಡೆಯವ್ರು. ಹೆಸ್ರು ಬೇಡ ಅಂದಿದಾರೆ. ಅಂಥವರ ರೆಕಾರ್ಡಿಂಗೂ ಅಳಿಸಿಬಿಡ್ತೀವಿ, ಈ ಅಕ್ಷರ ಅಷ್ಟೇ ಉಳಿಯೋದು. ಕವಲೇದುರ್ಗದ ಹತ್ರದ ಯಾವ್ದೋ ಅಜ್ಜಿ ಇರ್ಬೇಕು.” ಆಮೇಲೆ ಅವಳ ಮುಖ ನೋಡಿ, “ಎಂತಾಯ್ತು? ಎಲ್ಲಾ ಮನೇಲೂ ಒಬ್ಳು ತರಲೆ ತಂಗಿ ಇದ್ದೇ ಇರ್ತಾಳಲ್ಲ ಜ್ಯೋತಕ್ಕ! ತಡೀರಿ, ಚಾ ತರ್ತೀನಿ,” ಎಂದು ಕೆಳಗಿಳಿದು ಹೋದಳು.

ಹೌದು, ಯಾವುದೋ ಅಜ್ಜಿ. ಯಾವುದೋ ಮನೆಯ ತಂಗಿ. ರಸ್ತೆಯಲ್ಲಿ ಬಸ್ಸಿನವನು ‘ಸಿಗಂದೂರು, ಸಿಗಂದೂರು’ ಎಂದು ಕೂಗುತ್ತಿದ್ದ. ಹಗಲು ಬೆಳಕಿಗೆ ಕೋಣೆಯ ಮೂಲೆ ಮೂಲೆಯೂ ಕಾಣುತ್ತಿತ್ತು. ಆದರೂ ಬೆನ್ನ ಹಿಂದೆ ಯಾರೋ ಉಸಿರು ಹಿಡಿದು ನಿಂತಂತೆ ಅನ್ನಿಸಿ, ತಿರುಗಿ ನೋಡದೆ, ಒಂದೇ ಒಂದು ಸಾಲು ಬರೆದಳು.

‘ಅಕ್ಕಾ, ನೀನಾ?’

ಈ ಸಲ ಬಂದ ಅಂಕೆ 0.31. ಹೊಸನಗರದ ಯಾರೋ ಹೆಂಗಸು, ಯಾವುದೋ ಮಾತಿನ ನಡುವೆ, ಯಾರಿಗೋ ಅಂದದ್ದು:

‘ಮತ್ಯಾರು? ಕೇಳೋಕೆ ಇಷ್ಟು ವರ್ಷ ಬೇಕಾಯ್ತೇನೇ ನಿಂಗೆ?’

ಮೆಟ್ಟಿಲ ಮೇಲೆ ಲೋಟಗಳ ಸದ್ದಾಯಿತು. “ಸಿಕ್ತಾ ಜ್ಯೋತಕ್ಕ, ಉತ್ತರ ಸಿಗದ ಸಾಲು?”

“ಇಲ್ಲ ಕಣೆ,” ಎಂದಳು ಜ್ಯೋತಿಲಕ್ಷ್ಮಿ. ಅಪೇಕ್ಷಾ ಬಾಗಿಲಿಗೆ ಬರುವಷ್ಟರಲ್ಲಿ ನಿಯಮದ ಪುಟಕ್ಕೆ ಹಿಂದಿರುಗಿ, ‘ನಂಬಬೇಡ’ ಎಂದಿದ್ದ ಸಾಲಿನ 0.50 ಅನ್ನು ಒರೆಸಿ, ಅದೇ ಜಾಗದಲ್ಲಿ 0.30 ಎಂದು ಬರೆದಳು.