ಸದ್ದು ಮಾಡದ ಜಿ

ನಾನು ಸಂಗೀತ ಕಲಿತ ಆ ಹಳೆಯ ಕೀಬೋರ್ಡಿಗೆ ಅವ್ವ ಎರಡು ಆಡು ಕೊಟ್ಟಿದ್ದಳು. ಮೂರು ಆಡು ಕೇಳಿದ ಮಾರುವವನು ಒಂದೇ ಮಾತಿಗೆ ಎರಡಕ್ಕಿಳಿದನೆಂದು ಹುಣಸೂರಿನಿಂದ ಮನೆಯವರೆಗೂ ಹೇಳಿಕೊಂಡು ಬಂದಳು.

ಈಗಲೂ ಹೊಗೆಸೊಪ್ಪಿನ ವಾಸನೆ ಬಂದರೆ ನನ್ನ ಬೆರಳು ತಣ್ಣಗಾಗುತ್ತವೆ. ಅಂದು ಮಧ್ಯಾಹ್ನ ಜಗಲಿಯಲ್ಲಿ ಸಂಗೀತದ ಮೇಷ್ಟ್ರು ಸಿ, ಎಫ್, ಜಿ ಕಾರ್ಡುಗಳನ್ನು, ಅಂದರೆ ಮೂರು ಮೂರು ಸ್ವರ ಒಟ್ಟಿಗೆ ಒತ್ತುವುದನ್ನು, ನುಡಿಸಲು ಹೇಳಿದರು. ನಡುವಿನ ಜಿ ಕೀ ಸದ್ದೇ ಮಾಡುತ್ತಿರಲಿಲ್ಲ. ಅದು ನನಗೊಬ್ಬಳಿಗೇ ಗೊತ್ತಿತ್ತು. ಎದುರಿಗೇ ಅವ್ವ ಹೊಗೆಸೊಪ್ಪನ್ನು ಒಣಹಾಕಲು ಕಡ್ಡಿಗೆ ಕಟ್ಟುತ್ತಿದ್ದಳು. ನಾನೇ ಕೆಡಿಸಿದೆನೆಂದುಕೊಂಡು ಅದೇ ಕಡ್ಡಿಯಲ್ಲಿ ಬಾರಿಸುತ್ತಾಳೆಂದು ಹೆದರಿ, ಆ ಕೀಯನ್ನು ಬಿಟ್ಟೇ ನುಡಿಸಿದೆ.

ಮೇಷ್ಟ್ರು ಆ ಕೀಯನ್ನು ಎರಡು ಸಲ ಒತ್ತಿದರು. ಅವ್ವನ ಮುಖ ನೋಡಿ, ನನ್ನ ಕೈಯನ್ನು ಎಡಕ್ಕೆ, ಕೆಳಗಿನ ಸ್ಥಾಯಿಯ ಕಡೆಗೆ ಸರಿಸಿದರು. "ಜಿ ಕೆಳಗಿಂದ ತಕೋ ಕಣವ್ವ. ಮೂರು ಕಾರ್ಡಿಗೂ ಕೈ ಇಲ್ಲೇ ಇರ್ಲಿ, ಬೆರಳು ಮಾತ್ರ ಆಡ್ಲಿ."

"ಯಾಕೆ ಮೇಷ್ಟ್ರೇ, ಕೆಟ್ಟೋಗ್ಯದಾ ಅದು?" ಎಂದಳು ಅವ್ವ.

"ಇಲ್ಲ ಕಣ್ರಮ್ಮ, ಇಂಗ್ ಹಿಡುದ್ರೇನೇ ಚಂದ. ಒಳ್ಳೆ ಯಾಪಾರ ಮಾಡಿದೀರಿ."

ಹಳೆಯ ಕೀಬೋರ್ಡ್ ಕೊಳ್ಳುವಾಗ ಬೆಲೆ ಬೇಗ ಇಳಿದರೆ ಹಿಗ್ಗಬೇಡಿ, ಪ್ರತಿ ಕೀಯನ್ನೂ ಒತ್ತಿ ನೋಡಿ. ಆಗಲೇ ಮನೆಗೆ ತಂದಾಗಿದ್ದರೆ, ಕೈಯನ್ನು ಸ್ವಲ್ಪ ಎಡಕ್ಕೆ ಸರಿಸಿ; ಅಲ್ಲಿ ಇನ್ನೊಂದು ಜಿ ಇರುತ್ತದೆ.